ಗೊಂಬೆಯೊಳಗಿನವರು

ನಮ್ಮ ಥ್ರೋಬಾಲ್ ತಂಡದವರು ಈ ವರ್ಷದ ಪಂದ್ಯಗಳಿಗೆ ತಮಗೊಂದು ಆನೆಯ ಗೊಂಬೆಯು ಬೇಕೆಂದು ಅರ್ಜಿಯನ್ನು ಬರೆದುಕೊಟ್ಟಿರುವರು. ಒಬ್ಬಳು ಆನೆಯ ವೇಷವನ್ನು ಧರಿಸಿ ಅಂಗಳದ ಅಂಚಿನಲ್ಲಿ ಕುಣಿಯತಕ್ಕದ್ದು, ಅದನ್ನು ಕಂಡು ಮಿಕ್ಕವರು ಹುರುಪುಗೊಳ್ಳತಕ್ಕದ್ದು ಎಂಬುದು ಅವರ ಯೋಜನೆ. ಇದು ಹೆಣ್ಣುಮಕ್ಕಳ ಶಾಲೆಗೆ ಒಪ್ಪುವುದಲ್ಲವೆಂದು ಕೆಲವು ಮಕ್ಕಳ ತಾಯಿತಂದೆಗಳು ನಮಗೆ ತಿಳಿಸಿದ್ದಾರೆ. ನಾವು ಹಾಗೆಣಿಸುವುದಿಲ್ಲ. ನಮ್ಮ ಸಂಕೋಚವೇ ಬೇರೆ.

ಗೊಂಬೆಯೊಳಗೆ ಹೊಕ್ಕು ಜನರನ್ನು ನಗಿಸುವುದು ಮೈಸೂರಿಗೆ ಹೊಸತಲ್ಲ. ವಿಜಯದಶಮಿಯ ಮೆರವಣಿಗೆಯ ಗಾರುಡಿಗೊಂಬೆಯನ್ನರಿಯದ ಮಗುವು ಈ ಊರಿನಲ್ಲಿ ಇರಲಾರದು. ತಟ್ಟಿರಾಯನೆಂದೂ ಅದಕ್ಕೆ ಹೆಸರುಂಟು. ಬಿದಿರಿನ ಒಡಲು, ಬಣ್ಣ ಬಳಿದ ಮುಖ, ಮೇಲೆ ಥಳಥಳಿಸುವ ಉಡುಗೆ; ನೆಲದಿಂದ ಕಿರೀಟದವರೆಗೆ 10-12 ಅಡಿ. ಹೊತ್ತವನು ಭಾರವನ್ನೆಲ್ಲ ಹೆಗಲಿಗೆ ಕೊಟ್ಟು, ಉಡುಗೆಯಲ್ಲಿ ಬಿಟ್ಟಿರುವ ಸಣ್ಣ ಕಿಂಡಿಯಿಂದ ದಾರಿಯನ್ನು ನೋಡುತ್ತ, ವಾದ್ಯದ ಗತಿಗೆ ಹೆಜ್ಜೆಯಿಡಬೇಕು. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರು. ಅಂಬಾರಿಯನ್ನು ಹೊತ್ತ ಆನೆಗಳ ಹೆಸರನ್ನು ಕೇಳಿದರೆ ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಎಂದು ನಮ್ಮ ಮಕ್ಕಳು ಒಂದೇ ಉಸಿರಿನಲ್ಲಿ ಹೇಳುವರು. ಗೊಂಬೆಯನ್ನು ಹೊತ್ತವರಲ್ಲಿ ಒಬ್ಬರ ಹೆಸರಾದರೂ ಅವರಿಗೆ ತಿಳಿಯದು. ನಮಗೂ ತಿಳಿಯದು, ನಾವು ಎಂದೂ ಕೇಳಿದವರಲ್ಲ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಇಂಥ ಗೊಂಬೆಗಳು ತಂಡದ ಅಂಗವೇ ಆಗಿವೆ. ನ್ಯೂಯಾರ್ಕಿನ ಮೆಟ್ಸ್ ತಂಡದವರು ಚೆಂಡನ್ನೇ ತಲೆಯಾಗಿ ಹೊತ್ತ ಮಿಸ್ಟರ್ ಮೆಟ್ ಎಂಬುವನನ್ನು 1964 ರಲ್ಲಿ ಮೈದಾನಕ್ಕೆ ತಂದರು. ಫಿಲಡೆಲ್ಫಿಯದ ಫಿಲ್ಲೀಸ್ ತಂಡಕ್ಕೆ 1978 ರಲ್ಲಿ ಬಂದ ಫನಾಟಿಕ್ ಎಂಬುದು ಹಸುರು ರೋಮದ, ಉದ್ದ ಮೂತಿಯ ಒಂದು ವಿಚಿತ್ರ ಪ್ರಾಣಿ. ಅದನ್ನು ರೂಪಿಸಿದವರಲ್ಲಿ ಬಾನೀ ಎರಿಕ್ಸನ್ ಎಂಬ ಮಹಿಳೆಯೊಬ್ಬರು ಇದ್ದರೆಂಬುದನ್ನು ಮೇಲೆ ಹೇಳಿದ ತಾಯಿತಂದೆಗಳು ಗಮನಿಸಬಹುದು. ಗೊಂಬೆಯು ಮಾತನಾಡಕೂಡದು, ಜನರೆದುರಿಗೆ ತಲೆಯನ್ನು ಕಳಚಕೂಡದು ಎಂಬುದು ಆ ಕಡೆಯ ಸಾಮಾನ್ಯ ಕಟ್ಟಳೆ. ಮಕ್ಕಳ ಭ್ರಮೆಯು ಒಡೆಯಬಾರದೆಂಬುದು ಇದಕ್ಕೆ ಕಾರಣ.

ಈ ಕಟ್ಟಳೆಯನ್ನು ನಾವು ಒಪ್ಪಲಾರೆವು. ಎರಡು ವರ್ಷಗಳ ಹಿಂದೆ ನಮ್ಮ ಆಟೋಟಗಳ ದಿನದಲ್ಲಿ ಬಾಡಿಗೆಗೆ ತಂದ ಕರಡಿಯ ವೇಷವನ್ನು ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಧರಿಸಿದ್ದಳು. ಬಿಸಿಲು ಏರಿತ್ತು. ಹುಡುಗಿಯರು ಕರಡಿಯ ಕಿವಿಯನ್ನು ಜಗ್ಗಿದರು, ಬೆನ್ನಿಗೆ ಗುದ್ದಿದರು. ಅದು ತೂರಾಡಿ ನೆಲದ ಮೇಲೆ ಕುಳಿತಾಗ ಎಲ್ಲರೂ ಅದನ್ನು ಆಟವೆಂದೇ ತಿಳಿದು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಡ್ರಿಲ್ ಉಪಾಧ್ಯಾಯಿನಿಯವರು ಓಡಿಹೋಗಿ ತಲೆಯನ್ನು ಕಳಚಿದಾಗ ಒಳಗಿನ ಮುಖವು ಬಿಳಿಚಿಕೊಂಡಿತ್ತು. ನೀರು ಬೇಕೆಂದು ತಾನು ಬಹಳ ಹೊತ್ತು ಕೂಗಿದುದಾಗಿ ಅವಳು ಆಮೇಲೆ ಹೇಳಿದಳು. ಡ್ರಮ್ಮಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕರಡಿಯ ಮುಖವಂತೂ ನಗುತ್ತಲೇ ಇತ್ತು.

ಆದಕಾರಣ ಆನೆಯನ್ನು ಮಂಜೂರು ಮಾಡಿದ್ದೇವೆ, ಆದರೆ ನಮ್ಮ ಕಟ್ಟಳೆಯ ಮೇಲೆ. ಆನೆಯಾಗುವವಳು ತಲೆಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಳಕ್ಕೆ ಬರತಕ್ಕದ್ದು. ಆಟಗಾರ್ತಿಯರೊಂದಿಗೆ ಅವಳ ಹೆಸರನ್ನೂ ಕೂಗತಕ್ಕದ್ದು. ಬಳಿಕ ಎಲ್ಲರೆದುರಿಗೇ ತಲೆಯನ್ನು ಧರಿಸಬಹುದು. 10 ನಿಮಿಷಕ್ಕೊಮ್ಮೆ ಅವಳು ಹೊರಗೆ ಬರಬೇಕು. ನೀರಿನ ಹೂಜಿಯೊಡನೆ ಒಬ್ಬ ಗೆಳತಿಯು ಪಕ್ಕದಲ್ಲಿಯೇ ಇರಬೇಕು. ಮೊದಲೇ ಮುಖವನ್ನು ತೋರಿಸಿದರೆ ಚಿಕ್ಕ ಮಕ್ಕಳಿಗೆ ಸ್ವಾರಸ್ಯವೆಲ್ಲಿ ಉಳಿಯುವುದೆಂದು ಉಪಾಧ್ಯಾಯಿನಿಯೊಬ್ಬರು ಕೇಳಿದರು. ಅಜ್ಜಿಯು ಕಂಬಳಿ ಹೊದ್ದು ಹುಲಿಯಾದಾಗ, ಅಜ್ಜಿಯೆಂದು ಬಲ್ಲ ಮಗುವೇ ಎಲ್ಲರಿಗಿಂತ ಗಟ್ಟಿಯಾಗಿ ಕಿರಿಚುವುದನ್ನು ಅವರು ಕಂಡಿಲ್ಲವೇನೋ.

ಬಂಬೂಬಜಾರಿನಿಂದ ಬಿದಿರು ಬಂದಿದೆ. ಭಾರವನ್ನು ಹೆಗಲಿಗೆ ಹೊಂದಿಸುವ ಬಗೆಯನ್ನು ಕಲಿಸುವುದಕ್ಕೆ ಗಾರುಡಿಗೊಂಬೆಯವರೊಬ್ಬರನ್ನು ಶಾಲೆಗೆ ಬರಮಾಡಿಕೊಳ್ಳಬೇಕೆಂದಿದ್ದೇವೆ. ಆನೆಯ ಬಾಯನ್ನು ಇನ್ನೂ ಎರಡು ಅಂಗುಲ ಅಗಲಿಸಬೇಕೆಂದು ಹೊಲಿಗೆಯ ಉಪಾಧ್ಯಾಯಿನಿಯವರಿಗೆ ತಿಳಿಸಿದ್ದೇವೆ. ಗಾಳಿಯಾಡುವುದಕ್ಕೆ ಈಗಿನದು ಸಾಲದು.