ಬಸದಿಯ ಕಲ್ಲು, ಶಿಲ್ಪಿಯ ಉಸಿರು

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಸಮಾಜವು ಹೊಸ ಬಸದಿಗಳ ನಿರ್ಮಾಣಕ್ಕೂ ತಾಯ್ನಾಡಿನ ಹಳೆಯ ಬಸದಿಗಳ ಜೀರ್ಣೋದ್ಧಾರಕ್ಕೂ ಉದಾರವಾಗಿ ದಾನ ನೀಡುತ್ತ ಬಂದಿದೆ. ಕಲ್ಲು ಯಾವ ಗಣಿಯದು, ಶಿಖರದ ಎತ್ತರವೆಷ್ಟು, ಪಂಚಕಲ್ಯಾಣಕ್ಕೆ ಯಾವ ಮುಹೂರ್ತ ಎಂಬುದೆಲ್ಲ ಸಮಿತಿಯ ಸಭೆಗಳಲ್ಲಿ ಚರ್ಚೆಗೆ ಬರುತ್ತದೆ. ಆ ಕಲ್ಲನ್ನು ಕೆತ್ತುವವನ ಶ್ವಾಸಕೋಶದ ಮಾತು ಮಾತ್ರ ಬರುವುದಿಲ್ಲ.

ರಾಜಸ್ಥಾನದ ಸಿರೋಹಿ ಜಿಲ್ಲೆಯ ಪಿಂಡವಾಡಾ, ದೇಶದ ನಾನಾ ಕಡೆಯ ಜೈನ ಹಾಗೂ ಹಿಂದೂ ದೇವಾಲಯಗಳಿಗೆ ಕೆತ್ತನೆಯ ಕಲ್ಲು ಕಳುಹಿಸುವ ಊರು. ದಿಲ್ವಾಡಾ ಮಂದಿರಗಳಿರುವ ಅಬು ಪರ್ವತವೂ ಅದೇ ಜಿಲ್ಲೆಯದು. ಅಲ್ಲಿನ ಕೆತ್ತನೆಗಾರರಲ್ಲಿ ಸಿಲಿಕೋಸಿಸ್ ಬೇರೂರಿದೆ. ಅವರಲ್ಲಿ ಅನೇಕರು ಆದಿವಾಸಿ ಯುವಕರು. ಮರಳುಗಲ್ಲಿನಲ್ಲಿ ಸಿಲಿಕಾ ಅಂಶ ಅಧಿಕ. ಉಳಿ-ಸುತ್ತಿಗೆಯ ಕಾಲದಲ್ಲಿಯೂ ಧೂಳಿತ್ತು. ವಿದ್ಯುತ್ ಕಟರ್, ಗ್ರೈಂಡರ್‌ಗಳು ಬಂದ ಮೇಲೆ ಅದು ಹಿಟ್ಟಿನಂತೆ ನುಣ್ಣಗಾಯಿತು, ಹೇರಳವೂ ಆಯಿತು. ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿಯೇ ಉಳಿದು, ಮೃದುವಾದ ಅಂಗಾಂಶವನ್ನು ಗಡುಸಾಗಿಸುತ್ತವೆ. ಕೆಲಸ ಬಿಟ್ಟರೂ ರೋಗ ಬಿಡದು, ಗುಣಪಡಿಸುವ ಔಷಧವಿಲ್ಲ. ಕ್ಷಯವೂ ಸುಲಭವಾಗಿ ಜತೆಗೂಡುತ್ತದೆ. ಎಕ್ಸ್‌ರೇಯಲ್ಲಿ ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಾದ್ದರಿಂದ ಕೇವಲ ಕ್ಷಯದ ಗುಳಿಗೆ ನುಂಗುತ್ತ ಕಾಲ ಕಳೆಯುವವರೂ ಉಂಟು. ಮುಖಕ್ಕೆ ಸುತ್ತಿದ ವಸ್ತ್ರ ಈ ಧೂಳನ್ನು ತಡೆಯಲಾರದು.

ರಾಜಸ್ಥಾನ ಸರಕಾರವು 2019ರಲ್ಲಿ ನೀತಿಯೊಂದನ್ನು ರೂಪಿಸಿ, ಪ್ರಮಾಣಪತ್ರ ಪಡೆದ ರೋಗಿಗೆ 3 ಲಕ್ಷ, ಮರಣಾನಂತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಗೊತ್ತುಪಡಿಸಿತು. ಶ್ಲಾಘ್ಯವೇ ಸರಿ; ಆದರೆ ಅದು ರೋಗ ಬಂದ ಮೇಲಿನ ಮಾತು.

ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯದೆಂದು ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಕಣ್ಣಿಗೆ ಕಾಣದ ಜೀವಿಗಳಿಗಾಗಿ ನೀರನ್ನು ಸೋಸಿ ಕುಡಿಯುತ್ತೇವೆ. ಗುತ್ತಿಗೆ ಕೊಟ್ಟ ಮೇಲೆ ಹೊಣೆಯೆಲ್ಲ ಗುತ್ತಿಗೆದಾರನದು ಎನ್ನುವುದಾದರೆ 'ಕಾರಿತ' ಎಂಬ ಪದಕ್ಕೆ ಅರ್ಥವೇನು ಉಳಿಯಿತು?

ಕಲ್ಲನ್ನು ಕೊಳ್ಳುವವರು ನಾವು; ಷರತ್ತು ವಿಧಿಸುವ ಅಧಿಕಾರವೂ ನಮ್ಮದೇ. ಕಲ್ಲನ್ನು ನೀರು ಹರಿಸಿಯೇ ಕೊಯ್ಯಬೇಕು. ಸೂಕ್ಷ್ಮ ಕೆತ್ತನೆಗೆ ನೀರು ಒಗ್ಗದೆಂಬ ಆಕ್ಷೇಪವುಂಟು. ಅಂತಹಲ್ಲಿ ಉಪಕರಣದ ಬಳಿಯೇ ಧೂಳು ಹೀರುವ ಯಂತ್ರವಿರಬೇಕು. ಕೆಲಸಗಾರರ ಹೆಸರುಗಳು ದಾಖಲೆಯಲ್ಲಿರಬೇಕು, ವರ್ಷಕ್ಕೊಮ್ಮೆ ಅವರ ಎದೆಯ ತಪಾಸಣೆಯಾಗಬೇಕು. ಇದಕ್ಕೆ ತಗಲುವ ಹೆಚ್ಚಿನ ವೆಚ್ಚವನ್ನು ಸಮಿತಿಯೇ ಭರಿಸಲಿ. ಅದಕ್ಕಾಗಿ ಶಿಖರ ಒಂದಡಿ ತಗ್ಗಿದರೂ ತಗ್ಗಲಿ. ಪ್ರಥಮಾಭಿಷೇಕಕ್ಕೆ ಲಕ್ಷಗಟ್ಟಲೆ ಸವಾಲು ಕೂಗುವ ಸಮಾಜಕ್ಕೆ ಇದು ಭಾರವೆಂದು ನಾವು ನಂಬುವುದಿಲ್ಲ. ಮುಂದಿನ ಚೆಕ್ಕಿಗೆ ಸಹಿ ಹಾಕುವ ಮುನ್ನ ದಾನಿಗಳು ಈ ಷರತ್ತುಗಳಿರುವ ಗುತ್ತಿಗೆ ಪತ್ರವನ್ನು ಕೇಳಿ ಓದಲಿ.