ಸೂತ್ರವೂ ಲಕ್ಷ್ಯವೂ: ಕ್ರಿಪ್ಟೋ ವ್ಯಾಪಾರದ ಹಿನ್ನೋಟ ಪರೀಕ್ಷೆಯನ್ನು ಕುರಿತು

ಎಣ್ಣೆ ಗಿರಣಿಗಳ ಬಾಹುಳ್ಯದಿಂದ ಒಂದು ಕಾಲಕ್ಕೆ ‘ಎರಡನೆಯ ಮುಂಬಯಿ’ ಎಂಬ ಬಿರುದನ್ನೇ ಪಡೆದಿದ್ದ ಚಳ್ಳಕೆರೆಯ ಜನರಿಗೆ, ಬೆಲೆಯ ಏರಿಳಿತವೆಂದರೇನೆಂಬುದನ್ನು ಹೊರಗಿನವರು ಬಂದು ತಿಳಿಸಬೇಕಾದುದಿಲ್ಲ. ಶೇಂಗಾ ಬಿತ್ತಿದ ರೈತನು ಮುಗಿಲನ್ನು ನೋಡುತ್ತ, ಗಿರಣಿಯ ಯಜಮಾನನು ದೂರದ ಪೇಟೆಗಳ ಧಾರಣೆಯನ್ನು ವಿಚಾರಿಸುತ್ತ ದಿನಗಳೆದ ಊರು ಇದು. ಈಚೆಗೆ ಈ ತಾಲ್ಲೂಕಿನಿಂದಲೂ ನೆರೆಯ ಮೊಳಕಾಲ್ಮೂರಿನಿಂದಲೂ ಬೆಂಗಳೂರಿಗೆ ಹೋಗಿ ಗಣಕಯಂತ್ರದ ಉದ್ಯೋಗವನ್ನು ಹಿಡಿದ ತರುಣರಲ್ಲಿ ಕೆಲವರು ಹೊಸತೊಂದು ಧಾರಣೆಯ ಬೆನ್ನುಹತ್ತಿದ್ದಾರೆ. ಅದು ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೋ ನಾಣ್ಯಗಳ ಧಾರಣೆ. ರಾತ್ರಿಯೆನ್ನದೆ ರಜೆಯೆನ್ನದೆ ನಡೆಯುವ ಆ ಪೇಟೆಯಲ್ಲಿ ಕೊಳ್ಳುವ, ಮಾರುವ ಕೆಲಸವನ್ನು ಯಂತ್ರಕ್ಕೇ ವಹಿಸಿಬಿಡಬಹುದೆಂಬುದು ಅವರ ನಂಬಿಕೆ. ಊರಿಗೆ ಬಂದಾಗ ತಂದೆಯ ಶೇಂಗಾ ಹಣವನ್ನೂ ಸೇರಿಸಿ ಹೂಡುವ ಮಾತೆತ್ತುವವರೂ ಇಲ್ಲದಿಲ್ಲ. ಹಿಂದಿನ ಮೂರು ವರ್ಷಗಳ ಬೆಲೆಗಳ ಮೇಲೆ ಯಂತ್ರವೇ ಪರೀಕ್ಷಿಸಿ ನೋಡಿದೆ, ಹಣ ಐದು ಪಟ್ಟಾಗಿದೆ ಎಂಬುದು ಅವರ ವಾದ. ಈ ವಾದದ ಬಲಾಬಲಗಳನ್ನು ತೂಗಿ ನೋಡುವುದು ಶಿಕ್ಷಕರಿಗೂ, ಶಾಲೆಯ ಗಣಕ ಕೊಠಡಿಗೆ ನೆರವಾಗುವ ಹಳೆಯ ವಿದ್ಯಾರ್ಥಿಗಳಿಗೂ ಸಮಾನವಾದ ಕರ್ತವ್ಯ.

ಕ್ರಿಪ್ಟೋ ನಾಣ್ಯದ ಸ್ವರೂಪವನ್ನು ಅರಿಯಲು ಮೊಳಕಾಲ್ಮೂರಿನ ಬಂಡೆಗಳೇ ಸಾಕು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಕೊರೆಯಲ್ಪಟ್ಟಿದೆ. ಒಂದೆಡೆ ಅಕ್ಷರ ಸವೆದಿದ್ದರೆ ಇನ್ನೊಂದೆಡೆಯ ಪಾಠದಿಂದ ತುಂಬಿಕೊಳ್ಳಬಹುದು. ಒಂದನ್ನು ಯಾರಾದರೂ ತಿದ್ದಿದರೆ ಉಳಿದೆರಡು ಅದನ್ನು ಬಯಲಿಗೆಳೆಯುತ್ತವೆ. 2009ರ ಜನವರಿಯಲ್ಲಿ ಆರಂಭವಾದ ಬಿಟ್‌ಕಾಯಿನ್ನಿನ ಲೆಕ್ಕದ ಪುಸ್ತಕವೂ ಹೀಗೆಯೇ ಸಹಸ್ರಾರು ಗಣಕಗಳಲ್ಲಿ ಏಕಕಾಲಕ್ಕೆ ಬರೆಯಲ್ಪಡುತ್ತದೆ. ಪುಸ್ತಕವು ಭದ್ರವೆಂದ ಮಾತ್ರಕ್ಕೆ ನಾಣ್ಯದ ಬೆಲೆ ಭದ್ರವೆಂದಾಗದು. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರು ಬಾಳುತ್ತಿದ್ದ ಒಂದು ಬಿಟ್‌ಕಾಯಿನ್ ಮರುವರ್ಷದ ಅದೇ ತಿಂಗಳಲ್ಲಿ 16,000ಕ್ಕೂ ಕೆಳಗಿಳಿಯಿತು. 2024ರ ಡಿಸೆಂಬರಿನಲ್ಲಿ ಒಂದು ಲಕ್ಷವನ್ನು ದಾಟಿತು.

ಇಂಥ ಏರಿಳಿತದಲ್ಲಿ ಒಂದು ನಿಯಮವನ್ನು ಹಿಡಿದು ನಡೆಯಬೇಕೆಂಬುದು ತಪ್ಪೇನಲ್ಲ. ಉದಾಹರಣೆಗೆ, ಕಳೆದ 20 ದಿನಗಳ ಸರಾಸರಿ ಬೆಲೆಯು ಕಳೆದ 50 ದಿನಗಳ ಸರಾಸರಿಯನ್ನು ಮೀರಿದರೆ ಕೊಳ್ಳುವುದು, ಅದಕ್ಕಿಂತ ಇಳಿದರೆ ಮಾರುವುದು. ಪೈಥಾನ್ ಎಂಬ ಗಣಕಭಾಷೆಯಲ್ಲಿ (ಹೆಬ್ಬಾವಿಗೂ ಇದಕ್ಕೂ ಸಂಬಂಧವಿಲ್ಲ, ಇಂಗ್ಲೆಂಡಿನ ಒಂದು ಹಾಸ್ಯತಂಡದ ಹೆಸರಿನಿಂದ ಬಂದುದು) ಇಂಥ ನಿಯಮವನ್ನು ಕೆಲವೇ ಪಂಕ್ತಿಗಳಲ್ಲಿ ಬರೆಯಬಹುದು. ಬ್ಯಾಕ್‌ಟ್ರೇಡರ್, ಫ್ರೀಕ್‌ಟ್ರೇಡ್ ಮುಂತಾದ ಸಿದ್ಧ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಹಳೆಯ ಬೆಲೆಗಳನ್ನು ಅವಕ್ಕೆ ಒಪ್ಪಿಸಿದರೆ, ಆ ನಿಯಮದಂತೆ ನಡೆದಿದ್ದಲ್ಲಿ ಎಷ್ಟು ಲಾಭ, ಎಷ್ಟು ನಷ್ಟ, ನಡುವೆ ಹಣವು ಎಷ್ಟರವರೆಗೆ ಕರಗುತ್ತಿತ್ತು ಎಂಬುದನ್ನೆಲ್ಲ ಕ್ಷಣದಲ್ಲಿ ಲೆಕ್ಕಹಾಕಿ ತೋರಿಸುತ್ತವೆ. ಬ್ಯಾಕ್‌ಟೆಸ್ಟಿಂಗ್ ಎನ್ನುವುದು ಇದನ್ನೇ. ಕನ್ನಡದಲ್ಲಿ ಹಿನ್ನೋಟ ಪರೀಕ್ಷೆ ಎನ್ನಬಹುದು.

ವ್ಯಾಕರಣವನ್ನು ಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದಾಗ ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಸೂತ್ರಗಳನ್ನು ಕಟ್ಟಿದನು. ಪ್ರಯೋಗವು ಲಕ್ಷ್ಯ, ಸೂತ್ರವು ಲಕ್ಷಣ. ಲಕ್ಷ್ಯಕ್ಕೆ ಒಗ್ಗದ ಲಕ್ಷಣವನ್ನು ವಿದ್ವಾಂಸರು ಒಪ್ಪರು. ತರ್ಕಶಾಸ್ತ್ರವು ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ಹೇಳುತ್ತದೆ. ಈಗ ಒಬ್ಬ ವೈಯಾಕರಣನು ತನ್ನ ಸೂತ್ರಕ್ಕೆ ಒಗ್ಗದ ಪ್ರತಿಯೊಂದು ಪದಕ್ಕೂ ಒಂದೊಂದು ಅಪವಾದವನ್ನು ಸೇರಿಸುತ್ತ ಹೋದನೆಂದು ಭಾವಿಸಿರಿ. ಕೊನೆಗೆ ಆ ಸೂತ್ರವು ಅವನ ಮುಂದಿರುವ ಗ್ರಂಥಕ್ಕೆ ಅಕ್ಷರಶಃ ಹೊಂದುತ್ತದೆ. ಆದರೆ ನಾಳೆ ದೊರೆಯುವ ಇನ್ನೊಂದು ಗ್ರಂಥದ ಮೊದಲ ಪುಟದಲ್ಲಿಯೇ ಮುರಿದುಬೀಳುತ್ತದೆ. ಅದು ಸೂತ್ರವಾಗಿ ಉಳಿಯದೆ ಪದಗಳ ಪಟ್ಟಿಯಾಗಿರುತ್ತದೆ.

ತರುಣರ ಯಂತ್ರದಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. 20 ದಿನಗಳ ಬದಲು 17, 50ರ ಬದಲು 43, ಗುರುವಾರ ಮಾತ್ರ ಕೊಳ್ಳಬಾರದು ಎಂದು ಲಾಭ ಹೆಚ್ಚುವವರೆಗೂ ಅಂಕಿಗಳನ್ನು ತಿರುಗಿಸುತ್ತ ಹೋಗುವುದು. ಫ್ರೀಕ್‌ಟ್ರೇಡ್‌ನಲ್ಲಿ ಹೈಪರ್‌ಆಪ್ಟ್ ಎಂಬ ಸೌಕರ್ಯವಿದ್ದು, ಅದು ಇಂಥ ನೂರಾರು ಜೋಡಣೆಗಳನ್ನು ತಾನೇ ಹುಡುಕಿಕೊಡುತ್ತದೆ. ಹೀಗೆ ಹುಡುಕಿ ತೆಗೆದ ನಿಯಮವು ಹುಡುಕಿದ ಬೆಲೆಗಳ ಮೇಲೆಯೇ ಗೆದ್ದುದರಲ್ಲಿ ಆಶ್ಚರ್ಯವೇನು? 1,024 ಮಂದಿ ಒಂದೊಂದು ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ, ಅವರಲ್ಲಿ ಒಬ್ಬನಿಗಾದರೂ ಹತ್ತು ಸಲವೂ ತಲೆಯ ಮಗ್ಗುಲೇ ಬೀಳುವುದು ನಿರೀಕ್ಷಿತ. ಅವನನ್ನು ನಾಣ್ಯಶಾಸ್ತ್ರ ನಿಪುಣನೆಂದು ಶಾಲು ಹೊದಿಸುವವರಿಲ್ಲ. ಇದಕ್ಕಿಂತ ಸೂಕ್ಷ್ಮವಾದ ದೋಷಗಳೂ ಉಂಟು. ಸಂಜೆಗೆ ತಿಳಿಯುವ ಬೆಲೆಯನ್ನು ನೋಡಿ ಬೆಳಗ್ಗೆಯೇ ಕೊಂಡಂತೆ ಲೆಕ್ಕ ಬರೆಯುವುದು ಒಂದು. ಇಂದು ಬದುಕಿರುವ ನಾಣ್ಯಗಳನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಂಡು ಸತ್ತವನ್ನು ಮರೆಯುವುದು ಮತ್ತೊಂದು. 2022ರ ಮೇ ತಿಂಗಳ ಆದಿಯಲ್ಲಿ 80 ಡಾಲರುಗಳಷ್ಟಿದ್ದ ಲೂನಾ ಎಂಬ ನಾಣ್ಯವು ಕೆಲವೇ ದಿನಗಳಲ್ಲಿ ಕಾಸಿಗೂ ಕಡೆಯಾಯಿತು.

ಶಿಕ್ಷಕರಿಗೆ ಇದನ್ನು ಎರಡೇ ಮಾತಿನಲ್ಲಿ ಹೇಳಬಹುದು. ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟು ನಡೆಸಿದ ಪರೀಕ್ಷೆಯ ಅಂಕಗಳಿಗೆ ಏನು ಬೆಲೆಯೋ, ಕಂಡ ಬೆಲೆಗಳ ಮೇಲೆಯೇ ನಡೆಸಿದ ಹಿನ್ನೋಟ ಪರೀಕ್ಷೆಗೂ ಅಷ್ಟೇ ಬೆಲೆ. ಆದುದರಿಂದ ಬಲ್ಲವರು ಹಳೆಯ ಬೆಲೆಗಳಲ್ಲಿ ಒಂದು ಭಾಗವನ್ನು ಮುಚ್ಚಿಟ್ಟು, ನಿಯಮವು ಪೂರ್ತಿಯಾಗಿ ಸಿದ್ಧವಾದ ಮೇಲೆ ಒಂದೇ ಒಂದು ಸಲ ಅದನ್ನು ತೆರೆದು ನೋಡುತ್ತಾರೆ.

ಮುಚ್ಚಿಟ್ಟ ಭಾಗದಲ್ಲಿಯೂ ಗೆದ್ದ ನಿಯಮವು ನಾಳೆ ಗೆಲ್ಲುವುದೆಂಬ ಭರವಸೆಯುಂಟೆ? ಉತ್ತರಕ್ಕೆ ಚಳ್ಳಕೆರೆಯನ್ನೇ ಕೇಳಬೇಕು. 1980ರ ದಶಕದಲ್ಲಿ ಇಲ್ಲಿಯ ಗಿರಣಿಗಳ ಕಿರ್ದಿ ಖಾತೆಗಳನ್ನೆಲ್ಲ ಒಟ್ಟುಗೂಡಿಸಿ, ಮಳೆ, ಹುಟ್ಟುವಳಿ, ಹಬ್ಬದ ಬೇಡಿಕೆ ಇವುಗಳಿಂದ ಶೇಂಗಾ ಎಣ್ಣೆಯ ಬೆಲೆಯನ್ನು ಹೇಳುವ ನಿರ್ದುಷ್ಟವಾದ ನಿಯಮವೊಂದನ್ನು ಯಾರಾದರೂ ಕಟ್ಟಬಹುದಾಗಿತ್ತು. 1990ರ ದಶಕದ ನಡುವೆ ಖಾದ್ಯತೈಲಗಳ ಆಮದಿಗೆ ಬಾಗಿಲು ತೆರೆಯಿತು; ಮಲೇಷಿಯಾ, ಇಂಡೊನೇಷಿಯಾಗಳ ತಾಳೆಎಣ್ಣೆಯು ಅಗ್ಗದ ಬೆಲೆಗೆ ಅಂಗಡಿಗಳನ್ನು ತುಂಬಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಯಾವ ಖಾತೆಯ ಯಾವ ಪುಟದಲ್ಲಿಯೂ ತಾಳೆಎಣ್ಣೆಯ ಹೆಸರಿರಲಿಲ್ಲವಾದ್ದರಿಂದ, ಆ ನಿಯಮಕ್ಕೆ ಅದರ ಸುಳಿವೂ ಸಿಗುತ್ತಿರಲಿಲ್ಲ. ಲೆಕ್ಕವು ತಪ್ಪಾಗದೆಯೇ ಲೋಕವು ಬದಲಾದ ಪ್ರಸಂಗವಿದು. ಕ್ರಿಪ್ಟೋ ಪೇಟೆಯಲ್ಲಿ ಇಂಥ ತಿರುವುಗಳು ಇನ್ನೂ ಬೇಗ ಬರುತ್ತವೆ. ರಿಸರ್ವ್ ಬ್ಯಾಂಕು 2018ರ ಏಪ್ರಿಲಿನಲ್ಲಿ ಬ್ಯಾಂಕುಗಳು ಈ ವ್ಯವಹಾರಕ್ಕೆ ಸೇವೆ ನೀಡಕೂಡದೆಂದಿತು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು.

ತೆರಿಗೆಯ ವಿಷಯವನ್ನು ತಂದೆಯಂದಿರು ವಿಶೇಷವಾಗಿ ಗಮನಿಸಬೇಕು. 2022ರ ಏಪ್ರಿಲ್ 1ರಿಂದ ಈ ನಾಣ್ಯಗಳ ಲಾಭಕ್ಕೆ ನೂರಕ್ಕೆ 30ರಂತೆ ತೆರಿಗೆ ವಿಧಿಸಲಾಗಿದೆ. ಒಂದು ನಾಣ್ಯದಲ್ಲಿ 50,000 ರೂಪಾಯಿ ಲಾಭ, ಇನ್ನೊಂದರಲ್ಲಿ 50,000 ರೂಪಾಯಿ ನಷ್ಟವಾದರೆ ಲೋಕರೂಢಿಯಲ್ಲಿ ಲೆಕ್ಕ ಸಮವಾಯಿತು. ಕಾನೂನಿನಲ್ಲಿ ಹಾಗಲ್ಲ, ನಷ್ಟವನ್ನು ಕಳೆಯುವಂತಿಲ್ಲವಾಗಿ 15,000 ರೂಪಾಯಿ ತೆರಿಗೆಯನ್ನೂ ಅದರ ಮೇಲಿನ ಸೆಸ್ಸನ್ನೂ ತೆರಲೇಬೇಕು. ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ನೂರಕ್ಕೆ ಒಂದರಂತೆ ಮುಂಗಡವಾಗಿ ಮುರಿದುಕೊಳ್ಳುವ ನಿಯಮವೂ ಬಂದಿದೆ. ಒಂದು ಲಕ್ಷ ರೂಪಾಯಿಯನ್ನು ಲಾಭನಷ್ಟವಿಲ್ಲದೆ 50 ಸಲ ಕೊಂಡು ಮಾರಿದರೆ, ಕೈಯಲ್ಲಿ ದುಡಿಯಲು ಉಳಿಯುವುದು ಸುಮಾರು 60,500 ರೂಪಾಯಿ ಮಾತ್ರ. ಉಳಿದುದು ವರ್ಷಾಂತ್ಯದ ಲೆಕ್ಕ ಸಲ್ಲಿಸುವವರೆಗೆ ಸರ್ಕಾರದಲ್ಲಿ ಜಮೆಯಾಗಿರುತ್ತದೆ. ಪರದೇಶಗಳಲ್ಲಿ ಬರೆದ ತಂತ್ರಾಂಶಗಳಿಗೆ ಇದೊಂದೂ ತಾನಾಗಿ ತಿಳಿಯದು. ದಿನಕ್ಕೆ ಹತ್ತು ಸಲ ಕೊಂಡು ಮಾರುವ ನಿಯಮವು ಪರದೆಯ ಮೇಲೆ ಲಾಭದ ಗೆರೆಯನ್ನು ಎಳೆಯುತ್ತಿರುವಾಗಲೇ ಭಾರತದಲ್ಲಿ ಬಂಡವಾಳವು ಒಣಗಿಹೋಗಿರುತ್ತದೆ. ಇನ್ನು ನಾಣ್ಯವನ್ನಿಟ್ಟ ಉಗ್ರಾಣಕ್ಕೇ ಕನ್ನ ಬಿದ್ದರೆ ಯಾವ ಪರೀಕ್ಷೆಯೂ ನೆರವಾಗದು. 2024ರ ಜುಲೈ 18ರಂದು ವಜೀರ್‌ಎಕ್ಸ್ ಸಂಸ್ಥೆಯಿಂದ 23 ಕೋಟಿ ಡಾಲರುಗಳಿಗೂ ಮಿಕ್ಕ ಸಂಪತ್ತು ಅಪಹೃತವಾಗಿ, ಗ್ರಾಹಕರು ಬಹುಕಾಲ ತಮ್ಮ ನಾಣ್ಯಗಳನ್ನು ಹಿಂಪಡೆಯಲಾರದೆ ಉಳಿದರು.

ಕ್ರಿಪ್ಟೋ ವ್ಯಾಪಾರದ ಗೆಲುವು ಸೋಲುಗಳ ಗಣತಿಯಲ್ಲದಿದ್ದರೂ, ಅದರ ದಾಯಾದಿಯೆನ್ನಬಹುದಾದ ಷೇರುಪೇಟೆಯ ವಾಯಿದೆ ವ್ಯವಹಾರವನ್ನು ಕುರಿತು ಸೆಬಿ ಸಂಸ್ಥೆಯು 2024ರ ಸೆಪ್ಟೆಂಬರಿನಲ್ಲಿ ಹೊರತಂದ ಅಧ್ಯಯನವು ಕಣ್ತೆರೆಸುವಂಥದು. 2021-22ರಿಂದ ಮೂರು ವರ್ಷಗಳಲ್ಲಿ ಆ ವ್ಯವಹಾರಕ್ಕಿಳಿದ ಸಾಮಾನ್ಯ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟವನ್ನೇ ಕಂಡರು.

ಹೀಗಿರುವಾಗ ಶಾಲೆಯು ಈ ವಿದ್ಯೆಯನ್ನು ಮುಟ್ಟಲೇಬಾರದೆಂದು ಕೆಲವು ಹಿರಿಯರು ಹೇಳಬಹುದು. ಕಾಲವೇ ಹಾಗಿದೆ, ವ್ಯಾಪಾರವನ್ನೇ ಕಲಿಸಿಬಿಡೋಣ ಎಂದು ಕೆಲವು ದಾನಿಗಳು ಮುಂದೆ ಬರಬಹುದು. ಎರಡೂ ಸಲ್ಲದು. ಹುಡುಗರ ಕೈಯಲ್ಲಿ ಮೊಬೈಲು ಇರುವವರೆಗೆ ಮುಚ್ಚಿದ ಬಾಗಿಲಿಗೆ ಅರ್ಥವಿಲ್ಲ. ಹಣ ಹೂಡುವುದನ್ನು ಕಲಿಸಲು ಶಾಲೆಯು ದಲಾಲರ ಅಂಗಡಿಯೂ ಅಲ್ಲ. ಕಲಿಸಬೇಕಾದುದು ಹಿನ್ನೋಟ ಪರೀಕ್ಷೆಯನ್ನು. ಅದಕ್ಕೆ ಒಡ್ಡಬೇಕಾದ ವಸ್ತು ಶೇಂಗಾ.

ಕೊಯ್ಲಿನಲ್ಲಿ ಮಾರದೆ ಯುಗಾದಿಯವರೆಗೆ ಇಟ್ಟುಕೊಂಡರೆ ಲಾಭವೆಂಬ ಮಾತನ್ನು ರೈತರ ಮಕ್ಕಳೆಲ್ಲ ಕೇಳಿಯೇ ಇರುತ್ತಾರೆ. ಇದೂ ಒಂದು ನಿಯಮವೇ. ಕೃಷಿ ಮಾರುಕಟ್ಟೆಗಳ ಹಳೆಯ ಧಾರಣೆಯು ಕೇಂದ್ರ ಸರ್ಕಾರದ ಆಗ್‌ಮಾರ್ಕ್‌ನೆಟ್‌ನಲ್ಲಿ ಎಲ್ಲರಿಗೂ ಲಭ್ಯ. ಒಂಬತ್ತನೆಯ ತರಗತಿಯ ಬಾಲಕಿಯು ಪೈಥಾನಿನಲ್ಲಿ ಇಪ್ಪತ್ತು ಪಂಕ್ತಿ ಬರೆದು ಈ ಮಾತನ್ನು ಒರೆಗೆ ಹಚ್ಚಬಲ್ಲಳು. ಆಗ ತಂದೆಯೇ ಅವಳಿಗೆ ಗುರುವಾಗುತ್ತಾನೆ: ಕಾಯಿ ಒಣಗಿದಂತೆ ತೂಕ ಇಳಿಯುವುದನ್ನು ಸೇರಿಸಿದೆಯಾ, ಹಮಾಲಿ ಎಷ್ಟು ಹಿಡಿದೆ, ಸಾಲದ ಬಡ್ಡಿ ಎಲ್ಲಿ ಎಂದು ಕೇಳುತ್ತಾನೆ. ತರುಣರ ತಂತ್ರಾಂಶವು ಮರೆತ ತೆರಿಗೆ, ದಲಾಲಿಗಳ ಪಾಠವು ಇಲ್ಲಿ ಖರ್ಚಿಲ್ಲದೆ ದೊರೆಯುತ್ತದೆ. ಕೊನೆಯ ಐದು ವರ್ಷಗಳ ಧಾರಣೆಯನ್ನು ಗಣಿತದ ಶಿಕ್ಷಕರು ಲಕೋಟೆಯಲ್ಲಿ ಮೊಹರು ಮಾಡಿ ಬೀರುವಿನಲ್ಲಿಡಲಿ. ನಿಯಮವನ್ನು ಬರೆದು ಸಹಿ ಹಾಕಿದ ಮೇಲೆಯೇ ಅದನ್ನು ಒಡೆಯಲಿ. ಸೋತ ನಿಯಮಕ್ಕೂ ಗೆದ್ದ ನಿಯಮದಷ್ಟೇ ಅಂಕಗಳನ್ನು ನೀಡಲಿ.

ಇದಕ್ಕೆ ಬೇಕಾದುದು ಅಲ್ಪ. ಚಳ್ಳಕೆರೆಗೆ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿಯನ್ನು ನಡೆಸುತ್ತ ಬಂದಿದೆ. ಗಣಿತದ ಶಿಕ್ಷಕರೊಬ್ಬರು ಅಲ್ಲಿಯವರ ಮಾರ್ಗದರ್ಶನವನ್ನು ಕೋರಬಹುದು. ತಂತ್ರಾಂಶಕ್ಕೆ ಬೆಲೆಯಿಲ್ಲ. ದಾನಿಗಳು ಹೊಸ ಗಣಕಗಳ ಜೊತೆಗೆ ಒಂದು ಬೀಗವಿರುವ ಬೀರುವನ್ನೂ ಕೊಡಿಸಿದರೆ ಮುಂದಿನ ಜೂನ್ ತಿಂಗಳಲ್ಲಿಯೇ, ಶೇಂಗಾ ಬಿತ್ತನೆಯ ಹೊತ್ತಿಗೆ, ಕೆಲಸವನ್ನು ಆರಂಭಿಸಬಹುದು.