ತಿರುವಿನಲ್ಲಿ ನಾಲ್ಕು ಅಂಗೈಯಗಲದ ಆಸರೆ

ಹುಲ್ಲು ಹೇರಿದ ಎತ್ತಿನ ಗಾಡಿ ನೆಟ್ಟಗಿನ ದಾರಿಯಲ್ಲಿ ಮಗುಚುವುದು ಅಪರೂಪ. ಅದು ಮಗುಚುವುದು ತಿರುವಿನಲ್ಲಿ. ನಾಗಮಂಗಲ, ಕೃಷ್ಣರಾಜಪೇಟೆ ಸೀಮೆಯ ರೈತರಿಗೆ ಇದನ್ನು ಯಾರೂ ಪಾಠ ಮಾಡಬೇಕಾಗಿಲ್ಲ. ಹೇರು ಎತ್ತರವಾದಷ್ಟೂ ಗಾಡಿ ಹೊಡೆಯುವವನು ತಿರುವಿಗೆ ಮೊದಲೇ ಹಗ್ಗ ಬಿಗಿ ಹಿಡಿದು ಎತ್ತುಗಳನ್ನು ನಿಧಾನಿಸುತ್ತಾನೆ. ಆದರೆ ಅದೇ ಮನೆಯ ಅಂಗಳಕ್ಕೆ ಕಾರು ಬಂದ ಮೇಲೆ ಈ ತಿಳಿವಳಿಕೆ ಅಟ್ಟ ಸೇರುವುದುಂಟು.

ಈ ಸೀಮೆಯ ಯಾವ ಊರಿನಲ್ಲಾದರೂ ಕೇಳಿಬರಬಹುದಾದ ಒಂದು ಮಾತುಕತೆಯನ್ನು ಊಹಿಸಿಕೊಳ್ಳಿ. ಮಗ ಹಳೆಯ ಕಾರಿನ ನಾಲ್ಕೂ ಚಕ್ರ ಬಿಚ್ಚಿಸಿ, ಅಗಲದ ಟೈರು, ಹೊಳೆಯುವ ಅಲಾಯ್ ವೀಲು ಹಾಕಿಸಿದ್ದಾನೆ. ಸ್ಪ್ರಿಂಗಿಗೆ ಸ್ಪೇಸರ್ ಕೊಡಿಸಿ ಒಂದು ಇಂಚು ಎತ್ತರಿಸಿದ್ದಾನೆ. ಅಮಾವಾಸ್ಯೆಗೆ ಮನೆಯವರನ್ನೆಲ್ಲ ಆದಿಚುಂಚನಗಿರಿಗೆ ಕರೆದೊಯ್ಯುವ ಸಂಭ್ರಮ.

‘ಏನ್ಲಾ, ಇಷ್ಟು ಎತ್ರ ಮಾಡ್ಸಿದ್ದೀಯ?’

‘ಹೊಲದ್ ದಾರೀಲಿ ತಳ ತಗಲ್ತಿತ್ತು ಕಣಪ್ಪ. ಈಗ ಟೈರೂ ಅಗ್ಲ ಆಯ್ತು. ಟರ್ನಿಂಗಲ್ಲಿ ರೋಡಿಗೆ ಅಂಟ್ಕಂಡ್ ಹೋಯ್ತದೆ ನೋಡು.’

ಅಂಟಿಕೊಂಡು ಹೋಗುತ್ತದೆಯೇ? ಮಗನಿಗೆ ಹಾಗೆ ಅನಿಸುವುದು ಸುಳ್ಳಲ್ಲ. ಆದರೆ ಅನಿಸುವುದಕ್ಕೂ ಹಿಡಿತ ನಿಜವಾಗಿ ಹೆಚ್ಚುವುದಕ್ಕೂ ಅಂತರವಿದೆ. ಆ ಅಂತರ ಗೊತ್ತಾಗುವುದು ಸಾಮಾನ್ಯವಾಗಿ ಒಂದೇ ಒಂದು ಸಲ.

ಲೆಕ್ಕ ಏನು ಹೇಳುತ್ತದೆ?

ಕಾರಿಗೂ ಭೂಮಿಗೂ ಇರುವ ಸಂಬಂಧವೆಂದರೆ ಟೈರುಗಳು ರಸ್ತೆಯನ್ನು ಮುಟ್ಟುವ ನಾಲ್ಕು ಜಾಗಗಳು ಮಾತ್ರ. ಒಂದೊಂದೂ ಹೆಚ್ಚುಕಡಿಮೆ ಅಂಗೈಯಗಲ. ಬ್ರೇಕು, ಸ್ಟೇರಿಂಗು, ಎಂಜಿನ್ನು ಏನೇ ಮಾಡಿದರೂ ಈ ನಾಲ್ಕು ಅಂಗೈಗಳ ಮೂಲಕವೇ ಮಾಡಬೇಕು.

ಐವತ್ತು ಮೀಟರ್ ತ್ರಿಜ್ಯದ ಒಂದು ತಿರುವು ಇದೆಯೆನ್ನಿ. ಜಕ್ಕನಹಳ್ಳಿಯಿಂದ ಮೇಲುಕೋಟೆ ಬೆಟ್ಟ ಹತ್ತುವ ದಾರಿಯಲ್ಲಿ ಓಡಾಡಿದವರಿಗೆ ತಿರುವುಗಳು ಹೊಸತಲ್ಲ. ಇಂಥ ತಿರುವಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಕಾರಿನ ತೂಕದ ಕಾಲು ಭಾಗದಷ್ಟು ಬಲವನ್ನು ಟೈರುಗಳು ಪಕ್ಕಕ್ಕೆ ಒದಗಿಸಬೇಕು. ವೇಗ 56 ಆದರೆ ತೂಕದ ಅರ್ಧ. 80 ಆದರೆ ಹೆಚ್ಚುಕಡಿಮೆ ಪೂರ್ತಿ ತೂಕದಷ್ಟು! ವೇಗ ಎರಡರಷ್ಟಾದರೆ ಬೇಕಾಗುವ ಬಲ ನಾಲ್ಕರಷ್ಟಾಗುತ್ತದೆ.

ಇನ್ನು ರಸ್ತೆ ಕೊಡುವುದೆಷ್ಟು? ಒಣ ಟಾರಿನ ಮೇಲೆ ಸಾಧಾರಣ ಟೈರಿನ ಹಿಡಿತ ತೂಕದ ಶೇ 70ರಷ್ಟು ಎಂದು ಲೆಕ್ಕಕ್ಕೆ ಹಿಡಿದರೆ, ಈ ತಿರುವಿನ ಗರಿಷ್ಠ ವೇಗ ಸುಮಾರು 67. ಮಳೆಯಲ್ಲಿ ಹಿಡಿತ ಶೇ 40ಕ್ಕೆ ಇಳಿದರೆ 50. ಸುಗ್ಗಿಯ ಕಾಲದಲ್ಲಿ ರಸ್ತೆಯನ್ನೇ ಕಣ ಮಾಡಿಕೊಂಡು ಹರಡಿದ ಹುರುಳಿ ಸೊಪ್ಪಿನ ಮೇಲೋ, ಪಾಂಡವಪುರ, ಮಾಕವಳ್ಳಿ ಕಾರ್ಖಾನೆಗಳಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಿಂದ ಉದುರಿದ ತರಗಿನ ಮೇಲೋ ಹಿಡಿತ ಶೇ 25ಕ್ಕೆ ಬಂದರೆ, 40 ಕಿಲೋಮೀಟರಿಗೇ ಕಾರು ಜಾರತೊಡಗುತ್ತದೆ. ಯಾವ ಅಲಾಯ್ ವೀಲೂ ಆ ತರಗನ್ನು ಗುಡಿಸಿ ಹಾಕುವುದಿಲ್ಲ.

ಭಾರ ಜರುಗುವ ಬಗೆ

ತಿರುವಿನಲ್ಲಿ ಕಾರಿನ ಭಾರ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ಜರುಗುತ್ತದೆ. ಎಷ್ಟು ಜರುಗಬೇಕೆಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಮೂರು ಸಂಗತಿಗಳು: ತಿರುವಿನ ಬಿರುಸು, ಎರಡು ಚಕ್ರಗಳ ನಡುವಿನ ಅಗಲ, ಭಾರದ ಕೇಂದ್ರ ನೆಲದಿಂದ ಇರುವ ಎತ್ತರ. ಸಾವಿರ ಕಿಲೋ ತೂಕದ ಕಾರಿಗೆ ಚಕ್ರಗಳ ನಡುವೆ 140 ಸೆಂಟಿಮೀಟರ್ ಅಂತರವಿದ್ದು, ಭಾರದ ಕೇಂದ್ರ 50 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಮೇಲೆ ಹೇಳಿದ ತಿರುವಿನಲ್ಲಿ 56ರ ವೇಗಕ್ಕೆ ಸುಮಾರು 180 ಕಿಲೋ ಭಾರ ಹೊರಬದಿಗೆ ಹೋಗುತ್ತದೆ. ಎರಡೂ ಬದಿಯಲ್ಲಿ ಐನೂರು ಐನೂರು ಇದ್ದದ್ದು, ಒಳಬದಿಗೆ 320, ಹೊರಬದಿಗೆ 680 ಆಗುತ್ತದೆ.

ಒಂದು ಕಡೆ ಕಡಿಮೆಯಾದದ್ದು ಇನ್ನೊಂದು ಕಡೆ ಸೇರಿತಲ್ಲ, ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ಟೈರಿನ ಮೇಲೆ ಭಾರ ಎರಡರಷ್ಟಾದರೆ ಅದರ ಹಿಡಿತವೂ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಉಳಿಯುತ್ತದೆ. ಆದ್ದರಿಂದ ಹೊರಬದಿಯ ಟೈರು ಗಳಿಸುವುದಕ್ಕಿಂತ ಒಳಬದಿಯದು ಕಳೆದುಕೊಳ್ಳುವುದೇ ಜಾಸ್ತಿ. ಭಾರ ಹೆಚ್ಚು ಜರುಗಿದಷ್ಟೂ ನಾಲ್ಕು ಟೈರುಗಳ ಒಟ್ಟು ಹಿಡಿತ ಇಳಿಯುತ್ತದೆ.

ಈಗ ಸ್ಪೇಸರಿನ ವಿಚಾರ. ಅದು ಭಾರದ ಕೇಂದ್ರವನ್ನು ಒಂದು ಇಂಚು, ಅಂದರೆ ಎರಡೂವರೆ ಸೆಂಟಿಮೀಟರಿನಷ್ಟು ಮೇಲಕ್ಕೆತ್ತುತ್ತದೆ. ಹೊಲದ ದಾರಿಯಲ್ಲಿ ತಳ ಉಳಿಯುತ್ತದೆ ನಿಜ, ಹೆದ್ದಾರಿಯ ತಿರುವಿನಲ್ಲಿ ಹಿಡಿತ ಅಷ್ಟರಮಟ್ಟಿಗೆ ಹೋಗುತ್ತದೆ. ಇದಕ್ಕಿಂತ ದೊಡ್ಡ ತಪ್ಪು ಯಾರ ಕಣ್ಣಿಗೂ ಬೀಳದೆ ನಡೆಯುತ್ತಿರುತ್ತದೆ. ವೈರಮುಡಿಗೋ ಅಮಾವಾಸ್ಯೆಗೋ ಹೊರಟ ಕಾರಿನ ತಲೆಯ ಮೇಲಿನ ಕ್ಯಾರಿಯರಿಗೆ ಅಕ್ಕಿ, ಪಾತ್ರೆ, ಜಮಖಾನ ಎಂದು ಎಂಬತ್ತು ಕಿಲೋ ಕಟ್ಟಿದರೆ ಭಾರದ ಕೇಂದ್ರ ಎಂಟು ಸೆಂಟಿಮೀಟರ್ ಮೇಲೇರುತ್ತದೆ. ಮೂರು ಸ್ಪೇಸರ್ ಹಾಕಿಸಿದ ಲೆಕ್ಕ! ಹುಲ್ಲಿನ ಗಾಡಿಯ ಪಾಠ ಇಲ್ಲಿಯೂ ಅದೇ.

ಹಾಗಾದರೆ ಗಟ್ಟಿ ಸ್ಪ್ರಿಂಗು ಹಾಕಿಸಿದರೆ? ಇಲ್ಲಿಯೇ ಬಹಳ ಜನ ಮೋಸ ಹೋಗುವುದು. ಗಟ್ಟಿ ಸ್ಪ್ರಿಂಗಾಗಲಿ, ಎರಡು ಚಕ್ರಗಳನ್ನು ಜೋಡಿಸುವ ಆಂಟಿ ರೋಲ್ ಬಾರ್ ಎಂಬ ಉಕ್ಕಿನ ಸಲಾಕೆಯಾಗಲಿ ಕಾರು ವಾಲುವುದನ್ನು ಕಡಿಮೆ ಮಾಡುತ್ತವೆ. ಜರುಗುವ ಒಟ್ಟು ಭಾರವನ್ನು ಅವು ಹೇಳಿಕೊಳ್ಳುವಷ್ಟು ತಗ್ಗಿಸುವುದಿಲ್ಲ. ಆ ಭಾರವನ್ನು ಮುಂದಿನ ಜೋಡಿ ಹೆಚ್ಚು ಹೊರಬೇಕೋ ಹಿಂದಿನ ಜೋಡಿ ಹೊರಬೇಕೋ ಎಂಬುದನ್ನು ಮಾತ್ರ ಬದಲಾಯಿಸುತ್ತವೆ. ಮುಂದೆ ಗಟ್ಟಿ ಮಾಡಿದರೆ ಮುಂದಿನ ಟೈರುಗಳು ಮೊದಲು ಸೋಲುತ್ತವೆ, ಕಾರಿನ ಮೂಗು ತಿರುವಿನ ಹೊರಕ್ಕೆ ಹೋಗುತ್ತದೆ. ಹಿಂದೆ ಗಟ್ಟಿ ಮಾಡಿದರೆ ಬಾಲ ಬೀಸುತ್ತದೆ.

ಸಾಮಾನ್ಯ ಕಾರುಗಳನ್ನು ತಯಾರಕರು ಮೂಗು ಮೊದಲು ಜಾರುವಂತೆಯೇ ಬೇಕೆಂದು ರೂಪಿಸುತ್ತಾರೆ. ಹೆದರಿದ ಚಾಲಕ ಆಕ್ಸಿಲೇಟರಿನಿಂದ ಕಾಲು ತೆಗೆಯುತ್ತಾನೆ. ವೇಗ ಇಳಿದರೆ ಮೂಗು ತಾನಾಗಿ ಒಳಕ್ಕೆ ಬರುತ್ತದೆ. ಬಾಲ ಬೀಸಿದ ಕಾರನ್ನು ಸರಿಪಡಿಸಲು ಸ್ಟೇರಿಂಗನ್ನು ಕ್ಷಣಾರ್ಧದಲ್ಲಿ, ಅಳತೆ ತಪ್ಪದಂತೆ ಎದುರು ದಿಕ್ಕಿಗೆ ತಿರುಗಿಸಬೇಕು. ಕೆ-1000 ರ‍್ಯಾಲಿಯಲ್ಲಿ ಓಡಿಸುವವರಿಗೆ ಅದು ಅಭ್ಯಾಸ. ಹಿಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಕ್ಕಳನ್ನು ಕೂರಿಸಿಕೊಂಡವನಿಗೆ ಅಲ್ಲ.

ಇನ್ನೊಂದು ವಿಷಯವನ್ನೂ ಮರೆಯಬಾರದು. ಕಾರು ವಾಲುವುದು, ಟೈರು ಕಿರುಗುಟ್ಟುವುದು ಚಾಲಕನಿಗೆ ಸಿಗುವ ಎಚ್ಚರಿಕೆ. ಗಟ್ಟಿ ಮಾಡಿಸಿದ ಕಾರು ವಾಲದು. ಹೀಗಾಗಿ ಮಗನಿಗೆ ಐವತ್ತರಲ್ಲಿ ಸಿಗುತ್ತಿದ್ದ ಎಚ್ಚರಿಕೆ ಈಗ ಅರವತ್ತೈದರಲ್ಲಿ ಸಿಗಬಹುದು. ಜಾರುವ ವೇಗ ಮಾತ್ರ ಮೊದಲಿದ್ದಲ್ಲೇ ಇದೆ. ‘ಅಂಟಿಕೊಂಡು ಹೋಗುತ್ತದೆ’ ಎಂಬುದರ ಗುಟ್ಟು ಇಷ್ಟೆ.

ಸ್ಪ್ರಿಂಗಿನ ಸುತ್ತು ಕತ್ತರಿಸಿ ಕಾರನ್ನು ತಗ್ಗಿಸುವವರ ಪಾಡು ಬೇರೆ. ಭಾರದ ಕೇಂದ್ರ ಇಳಿಯುವುದರಿಂದ ಲಾಭವಿರಬೇಕಿತ್ತು. ಆದರೆ ಸ್ಪ್ರಿಂಗು ಆಡಲು ಜಾಗವೇ ಉಳಿದಿರುವುದಿಲ್ಲ. ತಿರುವಿನ ನಡುವೆ ಒಂದು ಹಳ್ಳ ಸಿಕ್ಕರೆ ಅದು ತಳಕ್ಕೆ ಬಡಿದು ಕಲ್ಲಿನಂತಾಗುತ್ತದೆ. ಆ ಮೂಲೆಯ ಟೈರು ನೆಲ ಬಿಟ್ಟು ಎಗರುತ್ತದೆ. ನೆಲ ಮುಟ್ಟದ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಕೆಟ್ಟುಹೋದ ಶಾಕ್ ಅಬ್ಸಾರ್ಬರ್ ಮಾಡುವುದೂ ಇದನ್ನೇ. ಅದರ ಕೆಲಸ ಬರೀ ಸೊಂಟ ಕಾಯುವುದಲ್ಲ, ಟೈರನ್ನು ನೆಲಕ್ಕೆ ಒತ್ತಿ ಇಡುವುದು.

ಟೈರಿನ ಮಾತು

ಹಿಡಿತವನ್ನು ನಿಜವಾಗಿ ಹೆಚ್ಚಿಸಬಲ್ಲದ್ದು ಟೈರು. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರು ಕಾರುಗಳ ನಡತೆಯನ್ನೇ ಬದಲಿಸಿತು. ಅದರ ಪಕ್ಕದ ಗೋಡೆ ಬಾಗಿದರೂ ರಸ್ತೆ ಮುಟ್ಟುವ ಭಾಗ ಚಪ್ಪಟೆಯಾಗಿಯೇ ಉಳಿಯುತ್ತದೆ. ಹಳೆಯ ಅಂಬಾಸಡರು, ಫಿಯೆಟ್ಟುಗಳ ಕಾಲದಲ್ಲಿ ಒಂದು ರೇಡಿಯಲ್, ಒಂದು ಹಳೇ ಮಾದರಿಯ ಟೈರು ಬೆರೆಸಿ ಓಡಿಸಿ ಪಜೀತಿ ಪಟ್ಟವರಿದ್ದಾರೆ. ಇಂದು ಆ ಬೆರಕೆ ಕಡಿಮೆಯಾಗಿದೆ. ಆದರೆ ಎಡಕ್ಕೊಂದು ಕಂಪನಿ, ಬಲಕ್ಕೊಂದು ಕಂಪನಿ, ಒಂದು ಹೊಸತು, ಒಂದು ಸವೆದದ್ದು ಎಂಬ ಬೆರಕೆ ಹಾಗೆಯೇ ಇದೆ.

ಅಗಲದ ಟೈರು ಒಣ ರಸ್ತೆಯಲ್ಲಿ ಸ್ಟೇರಿಂಗಿಗೆ ಚುರುಕಾಗಿ ಸ್ಪಂದಿಸುತ್ತದೆ. ರಬ್ಬರು ಒಳ್ಳೆಯದಾಗಿದ್ದರೆ ಹಿಡಿತವೂ ಒಂದಿಷ್ಟು ಹೆಚ್ಚಬಹುದು. ಆದರೆ ನೀರು ನಿಂತ ರಸ್ತೆಯಲ್ಲಿ ಅದು ಮೊದಲಿನದಕ್ಕಿಂತ ಕಡಿಮೆ ವೇಗದಲ್ಲಿಯೇ ನೀರಿನ ಮೇಲೆ ತೇಲತೊಡಗುತ್ತದೆ. ನೀರನ್ನು ಹೊರಕ್ಕೆ ತಳ್ಳುವುದು ಟೈರಿನ ಗೀರುಗಳು. ಅವುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾರಿಗೆ ಆ ಟೈರು ಕಾನೂನಿನ ಪ್ರಕಾರವೂ ಸಲ್ಲದು. ಟೈರಿನ ಒಟ್ಟು ಎತ್ತರ ಬದಲಾದರೆ ಸ್ಪೀಡೋಮೀಟರೂ ಸುಳ್ಳು ಹೇಳುತ್ತದೆ. ಶೇ 5ರಷ್ಟು ದೊಡ್ಡ ಚಕ್ರ ಹಾಕಿಸಿದರೆ, ಮುಳ್ಳು 60 ತೋರಿಸುವಾಗ ಕಾರು 63ರಲ್ಲಿ ಓಡುತ್ತಿರುತ್ತದೆ.

ಎರಡೇ ಹೊಸ ಟೈರು ಕೊಳ್ಳುವ ಶಕ್ತಿ ಇದ್ದರೆ ಅವನ್ನು ಎಲ್ಲಿ ಹಾಕಿಸಬೇಕು? ಎಂಜಿನ್ನು ಮುಂದಿನ ಚಕ್ರಗಳನ್ನು ಎಳೆಯುತ್ತದೆ, ಆದ್ದರಿಂದ ಮುಂದಕ್ಕೆ ಎಂಬುದು ಹಲವರ ಉತ್ತರ. ಸರಿಯಾದದ್ದು ಹಿಂದಕ್ಕೆ. ಹಿಂದಿನ ಟೈರುಗಳು ಸವೆದಿದ್ದರೆ ಮಳೆಯ ತಿರುವಿನಲ್ಲಿ ಮೊದಲು ಬೀಸುವುದು ಬಾಲ. ಬಾಲ ಬೀಸಿದ ಕಾರಿನ ಪಾಡನ್ನು ಮೇಲೆಯೇ ಹೇಳಿದ್ದಾಯಿತು.

ಗಾಳಿಯ ಒತ್ತಡವಂತೂ ಕಾಸಿನ ಖರ್ಚಿಲ್ಲದ ರಕ್ಷಣೆ. ಕಡಿಮೆಯಾದರೆ ತಿರುವಿನಲ್ಲಿ ಟೈರಿನ ಪಕ್ಕ ಮಡಚಿಕೊಳ್ಳುತ್ತದೆ. ಹೆಚ್ಚಾದರೆ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಮುದ್ರಿಸಿರುವ ಅಳತೆಯನ್ನು, ಬೆಳಗ್ಗೆ ಕಾರು ಓಡುವ ಮೊದಲು, ಟೈರು ತಣ್ಣಗಿರುವಾಗ ನೋಡಿಸಬೇಕು. ಪೂರ್ತಿ ಜನ ಕೂರುವುದಿದ್ದರೆ ಅದೇ ಚೀಟಿಯಲ್ಲಿ ಬೇರೆ ಅಳತೆ ಇದ್ದೀತು.

ಪಕ್ಕದಲ್ಲಿ ನಾಲೆ

ಇಷ್ಟು ಲೆಕ್ಕ ಹಾಕಬೇಕಾದ ಕಾರಣ ಈ ಸೀಮೆಯ ರಸ್ತೆಗಳಲ್ಲೇ ಇದೆ. ಆದಿಚುಂಚನಗಿರಿಯಿಂದ ಬೆಳ್ಳೂರು ಕ್ರಾಸ್, ನಾಗಮಂಗಲ ದಾಟಿ ಬರುವಾಗ ಕಾಣುವ ಬಯಲು, ಪಾಂಡವಪುರದ ಹತ್ತಿರ ಬರುತ್ತ ನೀರಾವರಿ ನಾಡಾಗುತ್ತದೆ. ಹಿಂದೆ ಇರ್ವಿನ್ ನಾಲೆ ಎನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆ ಇಲ್ಲಿ ಹಲವೆಡೆ ರಸ್ತೆಗೆ ಮಗ್ಗುಲಾಗಿಯೇ ಹರಿಯುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ಈ ನಾಲೆಗೆ ಬಿದ್ದು 30 ಮಂದಿ ಸತ್ತರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಆ ದುರಂತವನ್ನು ಟೈರು, ಸ್ಪ್ರಿಂಗಿನ ಲೆಕ್ಕಕ್ಕೆ ಸೇರಿಸಲು ಬಾರದು. ಆದರೆ ರಸ್ತೆ ತಪ್ಪಿದ ವಾಹನಕ್ಕೆ ಇಲ್ಲಿ ಪಕ್ಕದಲ್ಲಿ ಗದ್ದೆಯೇ ಸಿಗುತ್ತದೆಂಬ ಭರವಸೆ ಇಲ್ಲ ಎಂಬುದನ್ನು ಅದು ಎಲ್ಲರಿಗೂ ತಿಳಿಸಿಕೊಟ್ಟಿತು.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಇನ್ನೊಂದು ಅಪಾಯವನ್ನು ಕೂಡಿಸಿದೆ. ಒಂದು ಗಂಟೆ ನೂರರ ವೇಗದಲ್ಲಿ ಬಂದು ಶ್ರೀರಂಗಪಟ್ಟಣದ ಸುತ್ತಿನ ಹಳೆಯ ರಸ್ತೆಗಿಳಿದವನಿಗೆ ಅರವತ್ತು ಎಂದರೆ ತೆವಳಿದಂತೆ ಅನಿಸುತ್ತದೆ. ಐವತ್ತು ಮೀಟರಿನ ತಿರುವಿಗೆ ಮಳೆಯಲ್ಲಿ ಐವತ್ತೇ ಮಿತಿ ಎಂಬುದು ಆಗ ನೆನಪಾಗದು.

ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ದಂಡದ ಭಯಕ್ಕಿಂತ ಮನೆಯವರ ಮುಖ ನೆನೆದು ಇದನ್ನು ಪಾಲಿಸುವುದು ಮೇಲು. ಅಲಾಯ್ ವೀಲಿಗೂ ಸ್ಪೇಸರಿಗೂ ಇಟ್ಟ ಹಣದಲ್ಲಿ ಕಂಪನಿ ಹೇಳಿದ ಅಳತೆಯ ಒಳ್ಳೆಯ ಟೈರು ಕೊಂಡು, ಸವೆದ ಶಾಕ್ ಅಬ್ಸಾರ್ಬರ್ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಕಾರಿಗೆ ಸಿಗಬಹುದಾದ ಹಿಡಿತವೆಲ್ಲ ಸಿಕ್ಕಂತೆ. ತಲೆಯ ಮೇಲಿನ ಗಂಟನ್ನು ಇಳಿಸಿ ಡಿಕ್ಕಿಯಲ್ಲಿಡಲು ಕಾಸೂ ಬೇಡ. ಮಿಕ್ಕದ್ದು ಬಲಗಾಲಿನ ಕೆಲಸ. ತಿರುವು ಕಂಡಾಗ ಹಗ್ಗ ಬಿಗಿ ಹಿಡಿಯುತ್ತಿದ್ದ ಅಪ್ಪನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡವನಿಗೆ ಅದನ್ನು ಕಲಿಯಲು ಹೆಚ್ಚು ಹೊತ್ತು ಬೇಕಾಗಲಾರದು.